ಮೂರನೇ ಗೇರು

ಸಂಜೀವಯ್ಯ ಎರಡೂ ಕಾರಿನ ಬೀಗದಕೈಗಳನ್ನು ಒಂದೇ ಅಂಗೈಯಲ್ಲಿಟ್ಟು ಚಾಚಿದ. ಚಾಚಿದ್ದು ರಂಗೇಶನ ಕಡೆಗಲ್ಲ, ಅವನ ಬಾಮೈದ ಗೌರೀಶನ ಕಡೆಗೆ. ಬೇಕೆಂದೇ ಹಾಗೆ ಮಾಡಿದನೋ, ಗೌರೀಶ ಹತ್ತಿರ ನಿಂತಿದ್ದನೆಂದು ಮಾಡಿದನೋ ಎಂದು ಯೋಚಿಸುವ ಮೊದಲೇ ರಂಗೇಶನ ಕಿವಿ ಬಿಸಿಯಾಯಿತು. ಮಧುಗಿರಿಯಿಂದ ಇಲ್ಲಿಯವರೆಗೆ ಜೀಪು ಓಡಿಸಿಕೊಂಡು ಬಂದವನು ತಾನು. ಸಂಜೀವಯ್ಯನಿಗೆ ಫೋನು ಮಾಡಿ, ಹಲ್ಲು ಗಿಂಜಿ, ಅವನ ಪಾವಗಡದ ತೆಲುಗು ಬೆರೆತ ಕೊಂಕನ್ನೆಲ್ಲ ಕೇಳಿಸಿಕೊಂಡು, ಎರಡರಲ್ಲಿ ಒಂದು ಕಾರನ್ನಾದರೂ ಬಿಟ್ಟುಕೊಡಲು ಒಪ್ಪಿಸಿದವನೂ ತಾನೇ. ಗೌರೀಶ ಬಲಗೈ ಚಾಚಿ ಬೀಗದಕೈಗಳನ್ನು ತೆಗೆದುಕೊಂಡ. ಎಡಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಹೋದ ವರ್ಷದಿಂದ ಅದು ಅಲ್ಲೇ ಇರುತ್ತದೆ. ಮದುವೆಮನೆಯಲ್ಲೂ ಅಲ್ಲೇ, ಬಸ್‌ಸ್ಟ್ಯಾಂಡಿನಲ್ಲೂ ಅಲ್ಲೇ. ಹಾಗೆ ಬಚ್ಚಿಟ್ಟಷ್ಟೂ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ, ಹೋಗಲಿ ಎಂದೇ ಬಚ್ಚಿಡುತ್ತಾನೆ ಎಂದು ರಂಗೇಶನ ನಂಬಿಕೆ.

“ಏಮಯ್ಯಾ, ಇವತ್ತು ಸಾಯಂತ್ರದೊಳ್ಗೆ ಯಾವ್ದು ಅಂತ ಹೇಳ್ಬುಡಿ,” ಎಂದ ಸಂಜೀವಯ್ಯ. “ಎರಡೂ ಓಡ್ಸಿ ನೋಡಿ. ಒಂದು ನಿಮ್ದು, ಒಂದು ನನ್ದು. ನಾಳೆ ಬಂದು ಅದ್ ಬೇಕಾಗಿತ್ತು, ಇದ್ ಬೇಕಾಗಿತ್ತು ಅಂದ್ರೆ ಗೇಟು ತೆಗ್ಯಲ್ಲ.”

ಗೌಡಗೆರೆ ದಾಟಿ ಸ್ವಲ್ಪ ಆಚೆ, ಕಡಲೆಕಾಯಿ ಹೊಲಗಳು ಮುಗಿದು ಬರೀ ನೊರಜುಗಲ್ಲಿನ ದಿಣ್ಣೆ ಶುರುವಾಗುವಲ್ಲಿ ಸಂಜೀವಯ್ಯ ತನ್ನ ಜಮೀನಿನೊಳಗೆ ಒಂದು ರಸ್ತೆಯನ್ನು ಸೊಟ್ಟಂಪಟ್ಟ ಸುತ್ತಿಸಿ ಡಾಂಬರು ಹಾಕಿಸಿದ್ದ. ಕಲ್ಲು ಪುಡಿ ಮಾಡುವ ಕ್ರಷರಿನ ಮಾಲೀಕನಿಗೆ ಜಲ್ಲಿಗೇನು ಕೊರತೆ. ಅದನ್ನು ಎಲ್ಲರೂ ಟ್ರ್ಯಾಕು ಎನ್ನುತ್ತಿದ್ದರು. ಭಾನುವಾರ ಸಿರಾ ಕಡೆಯ, ಹಿರಿಯೂರು ಕಡೆಯ ನಾಲ್ಕಾರು ಜನ ಕಾರು ತಂದು ಸುತ್ತು ಹೊಡೆದು, ಟೈರು ಸವೆಸಿ, ಮಾಂಸದೂಟ ಮಾಡಿ ಹೋಗುತ್ತಿದ್ದರು. ಇವತ್ತು ಬಿಸಿಲಿಗೆ ಹೆದರಿ ಯಾರೂ ಬಂದಿರಲಿಲ್ಲ. ತಗಡಿನ ಚಪ್ಪರದ ಕೆಳಗೆ ಎರಡೇ ಕಾರು. ಎರಡೂ ಜಪಾನಿನವು, ಎರಡೂ ಮೂವತ್ತು ವರ್ಷ ದಾಟಿದವು, ಎರಡಕ್ಕೂ ಎರಡೇ ಬಾಗಿಲು, ಎರಡೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ ನಾಯಿಗಳಂತೆ. ಕೆಂಪು ಕಾರಿಗೆ ಟರ್ಬೊ ಇತ್ತು. ಎಂಜಿನ್ನು ಉಗುಳುವ ಹೊಗೆಯ ರಭಸಕ್ಕೇ ಒಂದು ಸಣ್ಣ ಚಕ್ರ ಗಿರ್ರನೆ ತಿರುಗಿ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಬೂದು ಬಣ್ಣದ್ದಕ್ಕೆ ಅದಿಲ್ಲ. ಅದು ತಾನಾಗಿ ಎಳೆದುಕೊಂಡಷ್ಟೇ ಅದರ ಉಸಿರು.

ರಂಗೇಶ ಬರುವಾಗಲೇ ತೀರ್ಮಾನ ಮಾಡಿಕೊಂಡಿದ್ದ. ಬೂದು ಕಾರೇ. ಕಾರಣಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ, ಒಂದೊಂದೂ ಗಟ್ಟಿಯಾಗಿತ್ತು. ಈ ಕಡೆಯ ಬಿಸಿಲಿಗೆ ಟರ್ಬೊ ಬೇಯುತ್ತದೆ. ಬೆಂದ ಗಾಳಿ ಕುಡಿದ ಎಂಜಿನ್ನು ನಾಲ್ಕು ಸುತ್ತಿಗೇ ಮಂಕಾಗುತ್ತದೆ. ಮೂವತ್ತು ವರ್ಷದ ಹಳೆ ಪೈಪುಗಳು ಎಲ್ಲಿ ಬಿರಿದಿವೆಯೋ ಹುಡುಕುವುದರಲ್ಲೇ ಭಾನುವಾರಗಳು ಕಳೆಯುತ್ತವೆ. ಕಾಲು ಒತ್ತಿದ ಕೂಡಲೇ ಬರಬೇಕಾದ ಓಟ ಬರುವುದಿಲ್ಲ, ಒಂದು ಗಳಿಗೆ ತಡೆದು, ನಾವು ಬೇಡ ಎನ್ನುವ ಹೊತ್ತಿಗೆ ಒಮ್ಮೆಗೇ ಬಂದು ಬೆನ್ನಿಗೆ ಗುದ್ದುತ್ತದೆ. ಬೂದು ಕಾರಿನಲ್ಲಿ ಅಂಥ ಮೋಸವಿಲ್ಲ. ಒತ್ತಿದಷ್ಟು ಓಡುತ್ತದೆ. ಆದರೆ ಎಂಜಿನ್ನು ಜೋರಾಗಿ ತಿರುಗುವಾಗಲೇ ಅದರ ಬಲವೆಲ್ಲ ಬರುವುದು, ಆ ಸುತ್ತು ತೋರಿಸುವ ಮುಳ್ಳು ಸದಾ ಮೇಲೇ ಇರಬೇಕು, ಹಾಗಿರಬೇಕಾದರೆ ಎಡಗೈ ಗೇರಿನ ಮೇಲೆ ಎಡೆಬಿಡದೆ ಆಡುತ್ತಿರಬೇಕು. ಎರಡು, ಮೂರು, ಎರಡು, ಮೂರು, ನಾಲ್ಕು, ಮತ್ತೆ ಎರಡು. ಈ ಕೊನೆಯದನ್ನು ಮಾತ್ರ ರಂಗೇಶ ಕಾರಣಗಳ ಸಾಲಿನಲ್ಲಿ ಸೇರಿಸಿರಲಿಲ್ಲ. ಅದು ತಾನಾಗಿ ಬಂದು ಸಾಲಿನ ಕೊನೆಗೆ ನಿಲ್ಲುತ್ತಿತ್ತು. ಅಟ್ಟಿದರೆ ಮತ್ತೆ ಬಂದು ನಿಲ್ಲುತ್ತಿತ್ತು.

ಬೆಳಿಗ್ಗೆ ವನಜಾಕ್ಷಿ ಕೇಳಿದ್ದೂ ಅದನ್ನೇ. ಹೆಂಡತಿಗೆ ಕಾರಿನ ವಿಷಯ ಏನು ಗೊತ್ತು ಎಂದುಕೊಂಡು ಅವನು ನಿರಾಳವಾಗಿ ಮುದ್ದೆ ಮುರಿಯುತ್ತಿದ್ದ. ಅವಳು ಸಾರು ಬಡಿಸುತ್ತ, ತಲೆಯೆತ್ತದೆ, “ಯಾವ್ದ್ರಲ್ಲಿ ಗೌರೀಶ ಓಡಿಸ್ಬೋದು?” ಎಂದಳು. “ಎಲ್ಡ್ರಾಗೂ ಓಡಿಸ್ಬೋದು,” ಎಂದ. “ಅಂಗಲ್ಲ. ಟರ್ಬೊ ಇರೋದ್ರಲ್ಲಿ ಗೇರು ಅಷ್ಟಾಗಿ ಬದ್ಲಾಯಿಸ್ಬೇಕಿಲ್ಲ, ಮೂರ್ನೇ ಗೇರಲ್ಲೇ ಇಡೀ ಸುತ್ತು ತೆಗೀಬೋದು ಅಂತ ಅವ್ನು ಹೇಳ್ತಿದ್ದ. ಸಣ್ಣ ಹುಡ್ಗನ ಥರ ಹೇಳ್ತಿದ್ದ.” ರಂಗೇಶ ಮುದ್ದೆ ಸಾರಿಗದ್ದಿ ನುಂಗಿದ. ಅಣ್ಣತಮ್ಮ ಇಲ್ಲದ ತನಗೆ ಇದೊಂದು ಗಂಟುಬಿದ್ದಿದೆ ಎಂದುಕೊಂಡ. ಅವಳು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳಬಹುದಾಗಿತ್ತು. ಒಂದು ವರ್ಷದಿಂದ ಆ ಅಪಘಾತದ ಬಗ್ಗೆ ಅವಳು ಒಂದು ಮಾತನ್ನೂ ಆಡಿರಲಿಲ್ಲ. ಸಂಜೆ ತಮ್ಮ ಬಂದರೆ ನಡುಮನೆಯಲ್ಲಿ ಕೂರಿಸಿಕೊಂಡು ಎಳ್ಳೆಣ್ಣೆ ಬಿಸಿ ಮಾಡಿ ಆ ಮಣಿಕಟ್ಟು ತಿಕ್ಕುತ್ತಾಳೆ. ಟಿವಿ ನೋಡುತ್ತ ಕೂತ ಗಂಡನ ಎದುರಿಗೇ ತಿಕ್ಕುತ್ತಾಳೆ. ಬೈದಿದ್ದರೆ ಅವನು ತಿರುಗಿ ಬೈದು, ಎರಡು ದಿನ ಮಾತು ಬಿಟ್ಟು, ಮುಗಿಸಿಬಿಡುತ್ತಿದ್ದ.

ಇಬ್ಬರೂ ಸೇರಿ ಬಸ್ಸು ಸರ್ವಿಸು ನಡೆಸುತ್ತಿದ್ದರು. ಕೊರಟಗೆರೆ, ಮಧುಗಿರಿ, ಪಾವಗಡ. ಗೌರೀಶನಿಗೆ ಮಾಲೀಕನಾಗಿ ಕೂರುವುದು ಹಿಡಿಸುತ್ತಿರಲಿಲ್ಲ. ಯಾವನಾದರೂ ಡ್ರೈವರು ರಜಾ ಹಾಕಿದರೆ ಹಬ್ಬದಂತೆ ಖಾಕಿ ಅಂಗಿ ಹಾಕಿಕೊಂಡು ತಾನೇ ಹತ್ತುತ್ತಿದ್ದ. ಅವನು ಓಡಿಸಿದ ದಿನ ಬಸ್ಸಿನಲ್ಲಿ ನಿಂತವರಿಗೆ ಕಂಬಿ ಹಿಡಿಯುವ ಕೆಲಸವಿರುತ್ತಿರಲಿಲ್ಲ. ಪ್ರಯಾಣಿಕರು ಅದನ್ನು ರಂಗೇಶನಿಗೇ ಬಂದು ಹೇಳುತ್ತಿದ್ದರು. ಈಗ ಅವನು ಕೊರಟಗೆರೆ ಸ್ಟ್ಯಾಂಡಿನಲ್ಲಿ ಕುರ್ಚಿ ಹಾಕಿಕೊಂಡು ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಿಡುತ್ತವೋ ಇಲ್ಲವೋ ನೋಡುತ್ತಾನೆ. ಅಷ್ಟೇ ಅವನ ಕೆಲಸ.

ಹೋದ ವರ್ಷ ಇದೇ ಟ್ರ್ಯಾಕಿನಲ್ಲಿ, ಹುಣಸೆಮರದ ತಿರುವಿನಲ್ಲಿ, ತಮ್ಮ ಹಳೆಯ ಸಣ್ಣ ಕಾರು. ಓಡಿಸುತ್ತಿದ್ದವನು ರಂಗೇಶ, ಪಕ್ಕದಲ್ಲಿ ಗೌರೀಶ, ಕಿಟಕಿಯ ಮೇಲಂಚನ್ನು ಎಡಗೈಯಲ್ಲಿ ಹಿಡಿದು. “ಬ್ರೇಕು ಬಾವ” ಎಂದಿದ್ದ. ಕೂಗಿ ಹೇಳಿರಲಿಲ್ಲ, ಕಲಿಯುವವನಿಗೆ ಹೇಳಿಕೊಡುವಂತೆ ಮೆತ್ತಗೆ ಹೇಳಿದ್ದ. ಆ ಮೆತ್ತನೆಯ ದನಿ. ರಂಗೇಶನ ಕಾಲು ಆಗಲೇ ಬ್ರೇಕಿನ ಮೇಲೆ ಹೋಗಿತ್ತು. ಹೋಗಿದ್ದ ಕಾಲನ್ನು ಅವನು ಹಿಂದಕ್ಕೆ ತೆಗೆದ. ಇದು ಅವನಿಗೆ ಒಬ್ಬನಿಗೇ ಗೊತ್ತು. ಆಮೇಲೆ ಆಕಾಶ ಒಂದು ಕಡೆ, ನೆಲ ಒಂದು ಕಡೆ, ತಗಡು ಡಾಂಬರಿಗೆ ಉಜ್ಜುವ ಸದ್ದು. ಕಾರು ಆ ಎಡಗೈಯನ್ನು ಅಡಿಗೆ ಹಾಕಿಕೊಂಡು ಎಡಕ್ಕೆ ಮಲಗಿ ಸರಿದು ನಿಂತಾಗ ಗೌರೀಶ, “ಬಾವ, ನಿಂಗೇನೂ ಆಗ್ಲಿಲ್ವಾ?” ಎಂದಿದ್ದ. ಆ ಪ್ರಶ್ನೆಯನ್ನು ಮಾತ್ರ ರಂಗೇಶ ಅವನಿಗೆ ಇನ್ನೂ ಕ್ಷಮಿಸಿಲ್ಲ.

“ಮೊದ್ಲು ಬೂದು ಕಾರು,” ಎಂದ ಗೌರೀಶ, ಒಂದು ಬೀಗದಕೈ ಎಸೆಯುತ್ತ. “ನೀನ್ ಹತ್ತು ಬಾವ. ನಿನ್ ಲವ್ವು ಅದೇ ಅಲ್ವಾ.”

ಚಪ್ಪರಕ್ಕೂ ಟ್ರ್ಯಾಕಿಗೂ ನಡುವೆ ಕರಿಯಮ್ಮನ ಕಲ್ಲು ಇತ್ತು. ಟ್ರ್ಯಾಕು ಬರುವುದಕ್ಕೆ ಎಷ್ಟೋ ತಲೆಮಾರಿನ ಹಿಂದಿನಿಂದ ಇತ್ತು. ಅಮ್ಮನಿಗೆ ಸದ್ದಾಗದೆಂದು ಹಿಂದೆ ಗಾಡಿಯವರು ಅಲ್ಲಿ ಎತ್ತಿನ ಕೊರಳಿನ ಗಂಟೆ ಸದ್ದು ಮಾಡದಂತೆ ಹಿಡಿದುಕೊಂಡು ದಾಟುತ್ತಿದ್ದರಂತೆ. ಈಗ ಎಂಜಿನ್ನು ಆಫ್ ಮಾಡಿ ಕಾರನ್ನು ಕೈಯಲ್ಲಿ ತಳ್ಳಿ ದಾಟಿಸಿ, ಆಚೆ ಹೋಗಿ ಮತ್ತೆ ಶುರು ಮಾಡಬೇಕು. ಕ್ರಷರಿನ ಲಾರಿಗಳು ಕೂಡ ಆ ಜಾಗಕ್ಕೆ ಬರದಂತೆ ಬಳಸಿ ಹೋಗುತ್ತಿದ್ದವು. ಕಲ್ಲಿನ ಪಕ್ಕದಲ್ಲಿ ಹಳೆ ಛತ್ರಿ ಬಿಚ್ಚಿಕೊಂಡು ಸಂಜೀವಯ್ಯನ ಸೋದರತ್ತೆ ಪಾಪಕ್ಕ ಕೂತಿರುತ್ತಾಳೆ. ಅರ್ಚಕಿಯೂ ಅವಳೇ, ಕಾವಲೂ ಅವಳೇ. ರಂಗೇಶನಿಗೆ ಇದೆಲ್ಲ ಹುಚ್ಚಾಟ. ಆದರೂ ತಳ್ಳಿದ. ಪಾಪಕ್ಕ ಬಾನೆಟ್ಟಿಗೆ ಕುಂಕುಮ ಇಟ್ಟು, “ಉಸಾರು ಕಣಪ್ಪಾ, ಈ ಸಲ ಮರಕ್ಕೆ ವೋಗ್ಬೇಡ,” ಎಂದಳು. ಸಂಜೀವಯ್ಯ ಹಿಂದೆ ಎಲ್ಲೋ ನಕ್ಕದ್ದು ಕೇಳಿಸಿತು.

ಬೂದು ಕಾರಿನಲ್ಲಿ ಅವನು ಚೆನ್ನಾಗಿಯೇ ಓಡಿಸಿದ. ಅದು ಅವನು ತನಗೆ ತಾನೇ ಹೇಳಿಕೊಂಡ ಮಾತಲ್ಲ, ನಿಜ. ಮುಳ್ಳು ಮೇಲೇರಿ ಎಂಜಿನ್ನು ಕಿರುಚತೊಡಗಿದಾಗ ಅವನ ತಲೆಯೊಳಗಿನ ಜಗಳಗಳೆಲ್ಲ ಸುಮ್ಮನಾದವು. ಕಾಲಿಗೂ ಚಕ್ರಕ್ಕೂ ನಡುವೆ ಯಾರೂ ಇರಲಿಲ್ಲ. ತಿರುವಿಗೆ ಮುಂಚೆ ಮೂರರಿಂದ ಎರಡು, ತಿರುವಿನಿಂದ ಹೊರಬರುತ್ತ ಮತ್ತೆ ಮೂರು. ಅಂಗೈಯಲ್ಲಿ ಗೇರಿನ ಗುಂಡು ಬೆಚ್ಚಗೆ ಕೂತಿತ್ತು. ತನ್ನ ಎಡಗೈ ಇಷ್ಟು ಚೆನ್ನಾಗಿದೆ ಎಂದು ಅನ್ನಿಸಿ ಖುಷಿಯಾಯಿತು. ಖುಷಿಯಾದದ್ದು ಗೊತ್ತಾಗಿ ಬಾಯಿ ಕಹಿಯಾಯಿತು.

ಆಮೇಲೆ ಗೌರೀಶ ಹತ್ತಿದ. ಎಡಗೈಯನ್ನು ಜೇಬಿನಿಂದ ತೆಗೆದು ಗೇರಿನ ಮೇಲಿಟ್ಟ. ಬೆರಳುಗಳು ಮುಚ್ಚಿಕೊಳ್ಳುವುದಿಲ್ಲ, ಅಂಗೈಯಿಂದಲೇ ನೂಕಬೇಕು. ನೇರ ರಸ್ತೆಯಲ್ಲಿ ಮೂರಕ್ಕೆ ಹಾಕಿದ. ಮೊದಲ ತಿರುವಿನಲ್ಲಿ ಎರಡಕ್ಕೆ ಎಳೆಯಲು ಹೋದಾಗ ಗೇರು ಗರಗರ ಎಂದು ಹಲ್ಲು ಕಡಿದ ಸದ್ದು ಚಪ್ಪರದವರೆಗೂ ಬಂತು. ಮತ್ತೊಮ್ಮೆ. ಕಾರು ತಿರುವಿನ ಮಧ್ಯದಲ್ಲಿ ಶಕ್ತಿ ಇಲ್ಲದೆ ತೂಗಿ, ಎಮ್ಮೆಯಂತೆ ನಿಂತೇಹೋಯಿತು. “ಅಯ್ಯೋ, ಗೇರ್‌ಬಾಕ್ಸ್ ಪೋಯಿಂದಿ!” ಎಂದು ಸಂಜೀವಯ್ಯ ಕೂಗಿಕೊಂಡ. ರಂಗೇಶ ನೆರಳಿನಲ್ಲಿ ನಿಂತು ನೀರು ಕುಡಿಯುತ್ತಿದ್ದ. ನೀರು ತಂಪಾಗಿ ಎದೆಯೊಳಗೆ ಇಳಿಯುತ್ತಿತ್ತು. ಅಯ್ಯೋ ಪಾಪ ಎಂಬ ಮುಖ ಮಾಡಲು ಅವನು ಪ್ರಯತ್ನಪಟ್ಟ. ಗೌರೀಶ ಬಂದು ಇಳಿದು ಅವನ ಮುಖ ನೋಡಿ, “ಅಷ್ಟೊಂದ್ ಕಷ್ಟ ಪಡ್ಬೇಡ ಬಾವ, ನೀರು ನೆತ್ತಿಗೆ ಹತ್ತೀತು,” ಎಂದ.

ಕೆಂಪು ಕಾರಿನಲ್ಲಿ ರಂಗೇಶನ ಮಾನ ಹೋಯಿತು. ಕಾಲು ಒತ್ತಿದ; ಏನೂ ಆಗಲಿಲ್ಲ. ಇನ್ನೂ ಒತ್ತಿದ, ಎಂಜಿನ್ನು ಯಾವುದನ್ನೋ ನೆನೆಸಿಕೊಳ್ಳುವಂತೆ ಗುಂಯ್ ಎನ್ನುತ್ತಿತ್ತು. ಸಿಟ್ಟು ಬಂದು ಪೂರ್ತಿ ತುಳಿದಾಗ ತಿರುವು ಬಂದಿತ್ತು, ಅದೇ ಹೊತ್ತಿಗೆ ಬಲವೆಲ್ಲ ಒಟ್ಟಿಗೇ ಬಂದು ಕಾರಿನ ಹಿಂಭಾಗ ಹಾರಿಹೋಯಿತು. ಮಣ್ಣಿಗಿಳಿದು ಧೂಳೆಬ್ಬಿಸಿ ಹಿಮ್ಮುಖವಾಗಿ ನಿಂತ. ಚಪ್ಪರದಿಂದ ಯಾರೂ ನಗಲಿಲ್ಲ. ನಗದೇ ಇದ್ದದ್ದು ಇನ್ನೂ ಕೆಟ್ಟದ್ದು. ಮತ್ತೆ ಎರಡು ಸುತ್ತು ಹೊಡೆದ, ಹೆದರಿಕೊಂಡು, ಎಲ್ಲರಿಗೂ ಕಾಣುವಂತೆ ಹೆದರಿಕೊಂಡು. ಕೊನೆಯ ಸುತ್ತನ್ನು ನಿಧಾನವಾಗಿ ಹೊಡೆದು ಬಂದು, ಕಲ್ಲಿಗೆ ಮುಂಚೆಯೇ ನಿಂತು, ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಕಾದ. ಓಡಿ ಬಂದ ಟರ್ಬೊವನ್ನು ಹಾಗೇ ಆಫ್ ಮಾಡಿದರೆ ಆಯಿಲ್ಲಿನ ಓಟ ನಿಂತು, ಒಳಗಿರುವುದು ಇದ್ದಲ್ಲೇ ಸುಟ್ಟು ಬೇರಿಂಗಿಗೆ ಅಂಟುತ್ತದೆ. ಇದು ಅವನಿಗೆ ಉಸಿರಿನಷ್ಟೇ ಗೊತ್ತಿದ್ದ ವಿಷಯ. ತಮ್ಮ ಬಸ್ಸುಗಳಿಗೂ ಟರ್ಬೊ ಇತ್ತು. ಘಾಟಿ ಹತ್ತಿ ಬಂದ ಬಸ್ಸನ್ನು ತಕ್ಷಣ ಆಫ್ ಮಾಡಿದ ಎಂದು ವಯಸ್ಸಿನಲ್ಲಿ ತನಗಿಂತ ಹಿರಿಯ ಡ್ರೈವರು ಕದರಪ್ಪನನ್ನು ಅವನು ಕೊರಟಗೆರೆ ಸ್ಟ್ಯಾಂಡಿನಲ್ಲಿ, ಹೂ ಮಾರುವವರ ಮುಂದೆ, ಬಾಯಿಗೆ ಬಂದಂತೆ ಬೈದಿದ್ದ.

“ಈಗ ನಾನು,” ಎಂದ ಗೌರೀಶ. “ನೀನೂ ಬಾ. ಪಕ್ಕದಾಗೆ ಕೂತ್ಕೊ.”

“ನಾನ್ಯಾಕ್ಲಾ?”

“ಹೆದ್ರಿಕೆನಾ?”

ಕೂತ. ಎಡಗಡೆಯ ಸೀಟಿನಲ್ಲಿ ಕೂತ ಕೂಡಲೇ ಅವನ ಎಡಗೈ ತಾನಾಗಿ ಕಿಟಕಿಯ ಕಡೆಗೆ ಹೋಯಿತು. ಅದನ್ನು ಎಳೆದು ತೊಡೆಯ ಕೆಳಗೆ ಇಟ್ಟುಕೊಂಡ. ಗೌರೀಶ ಇದನ್ನು ನೋಡಿದ. ನಿಧಾನವಾಗಿ ಹೊರಟು, ಎರಡು, ಆಮೇಲೆ ಮೂರು. ಅಲ್ಲಿಗೆ ಮುಗಿಯಿತು, ಎಡಗೈಯನ್ನು ಗೇರಿನಿಂದ ತೆಗೆದು ಸ್ಟೇರಿಂಗಿನ ಮೇಲೆ ಸುಮ್ಮನೆ ಒರಗಿಸಿದ. ಮೊದಲ ತಿರುವು ಇನ್ನೂ ಮುಗಿದೇ ಇರಲಿಲ್ಲ, ಕಾರು ಇನ್ನೂ ಬಾಗಿಯೇ ಇತ್ತು, ಆಗಲೇ ಅವನು ಕಾಲು ಒತ್ತಿದ. ಹುಚ್ಚನೇ ಇವನು ಎಂದುಕೊಂಡ ರಂಗೇಶ. ಆದರೆ ಆ ತಡವಾಗಿ ಬರುವ ಬಲ ತಿರುವಿನ ತುದಿಗೆ, ರಸ್ತೆ ನೇರವಾಗುವ ಜಾಗಕ್ಕೆ ಸರಿಯಾಗಿ, ಹೇಳಿ ಕಳಿಸಿದಂತೆ ಬಂದು ಸೇರಿತು. ಬೆನ್ನು ಸೀಟಿಗೆ ಒತ್ತಿತು. ಮತ್ತೊಂದು ತಿರುವು, ಮತ್ತೆ ಹಾಗೇ. ತಾನು ಬೇಕೆನ್ನುವಾಗ ಒತ್ತಿದ್ದೆ, ಇವನು ಬೇಕಾಗುವ ಮೊದಲೇ ಒತ್ತುತ್ತಾನೆ. ಇಷ್ಟೇ ವ್ಯತ್ಯಾಸ, ಇಷ್ಟನ್ನು ತಾನು ಸಾಯುವವರೆಗೂ ಕಲಿಯಲಾರೆ ಎಂದು ರಂಗೇಶನಿಗೆ ಖಚಿತವಾಗಿ ಗೊತ್ತಾಯಿತು. ಹುಣಸೆಮರದ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡ. ತೆರೆದಾಗ ಮರ ಹಿಂದೆ ಹೋಗಿತ್ತು. ಪಕ್ಕದಲ್ಲಿ ಒಂದು ವಿಚಿತ್ರ ಸದ್ದು, ಗೌರೀಶ ನಗುತ್ತಿದ್ದ. ಬಾಯಿ ಬಿಟ್ಟು, ಕುತ್ತಿಗೆಯ ನರ ಉಬ್ಬಿಸಿ, ಯಾರಿಗೂ ತೋರಿಸುವುದಕ್ಕಲ್ಲದೆ ನಗುತ್ತಿದ್ದ. ಈ ನಗುವನ್ನು ವನಜಾಕ್ಷಿ ನೋಡಬೇಕಾಗಿತ್ತು ಎಂದು ಒಂದು ಕ್ಷಣ ರಂಗೇಶನಿಗೆ ನಿಜವಾಗಿಯೂ ಅನ್ನಿಸಿತು. ಮರುಕ್ಷಣ, ಅವಳು ನೋಡಿದರೆ ತನ್ನ ಕಡೆಗೆ ತಿರುಗಿ ನೋಡುವ ನೋಟವೂ ಕಂಡಿತು. ಪ್ರತಿ ಭಾನುವಾರ ಇವನು ಹೀಗೆ ನಗುತ್ತ ಸುತ್ತುತ್ತಾನೆ. ತಾನು ಚಪ್ಪರದ ಕೆಳಗೆ ನಿಂತು ನೀರು ಕುಡಿಯುತ್ತೇನೆ. ಕೈ ಮುರಿದರೂ ಬಾವನಿಗಿಂತ ಜೋರು ಎನ್ನುತ್ತಾರೆ. ಮುರಿದದ್ದೂ ಸಾಲದೇ ಹೋಯಿತಲ್ಲ ಎಂಬ ಮಾತು ಅವನ ಮನಸ್ಸಿನಲ್ಲಿ ಹುಟ್ಟಿತು, ಪೂರ್ತಿ ವಾಕ್ಯವಾಗಿಯೇ ಹುಟ್ಟಿತು. ಅದನ್ನು ಕೇಳಿ ಅವನೇ ಬೆಚ್ಚಿದ.

ಗೌರೀಶ ಅದೇ ಓಟದಲ್ಲಿ ಟ್ರ್ಯಾಕಿನಿಂದ ಹೊರಗೆ ಬಂದು ಕಲ್ಲಿಗೆ ಮುಂಚೆ ನಿಲ್ಲಿಸಿದ. ಬಾನೆಟ್ಟಿನ ಸಂದಿಯಿಂದ ಬಿಸಿ ಕುಣಿಯುತ್ತಿತ್ತು. “ಸಂತೋಸಕ್ಕೆ ನಿಧಾನದ ಸುತ್ತು ಮರ್ತೇಬುಟ್ಟೆ ಬಾವ. ಇಲ್ಲೇ ಒಂದ್ ಗಳ್ಗೆ ಓಡ್ಲಿ, ತಣ್ಣಗಾಗ್ಲಿ,” ಎಂದ. ಎಂಜಿನ್ನು ಗುರುಗುಡುತ್ತಿತ್ತು. ಪಾಪಕ್ಕ ಛತ್ರಿ ಮಡಚಿ ಎದ್ದು ನಿಂತಳು, ಕುಂಕುಮದ ಬಟ್ಟಲು ಹಿಡಿದು.

“ಆಫ್ ಮಾಡು,” ಎಂದ ರಂಗೇಶ.

“ಏನು?”

“ಅಮ್ಮನ ಮುಂದೆ ಕಾರು ನಿಲ್ಸಿ ಎಂಜಿನ್ ಓಡಿಸ್ತೀಯೇನ್ಲಾ? ಮುದ್ಕಿ ಬಿಸ್ಲಾಗೆ ನಿಂತವ್ಳೆ. ಆಫ್ ಮಾಡು.”

“ಬಾವ, ಟರ್ಬೊ—”

“ಟರ್ಬೊ ದೊಡ್ಡದಾ, ಅಮ್ಮ ದೊಡ್ಡೋಳಾ? ಆಸ್ಪತ್ರೇಲಿ ಮಲ್ಗಿದ್ದಾಗ ನಿಮ್ಮಕ್ಕ ಹರಕೆ ಹೊತ್ತಿದ್ದು ಯಾರಿಗ್ಲಾ? ಟರ್ಬೊಗಾ?”

ಇಂಥ ಮಾತು ತನ್ನ ಬಾಯಲ್ಲಿ ಇದೆಯೆಂದು ರಂಗೇಶನಿಗೆ ಗೊತ್ತಿರಲಿಲ್ಲ. ಕಲ್ಲಿಗೆ ಕೈ ಮುಗಿಯದ ಬಾಯಿ. ದನಿ ನಡುಗುತ್ತಿತ್ತು, ಭಕ್ತಿಯಿಂದ ನಡುಗುತ್ತಿದೆ ಎಂದು ಯಾರಾದರೂ ನಂಬುವಷ್ಟು. ಗೌರೀಶ ಅವನನ್ನು ನೋಡಿದ, ಮುದುಕಿಯನ್ನು ನೋಡಿದ. ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಅಂಚಿನಲ್ಲಿ ಉಳಿದಿತ್ತು. ಆ ಸಂತೋಷದಲ್ಲಿ ಅಮ್ಮನಿಗೆ ಅಪಚಾರವಾಗುವುದು ಬೇಡ ಅನ್ನಿಸಿರಬೇಕು. ಬೀಗದಕೈ ತಿರುಗಿಸಿದ.

ನಿಶ್ಶಬ್ದ. ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಎಂದು ಕಬ್ಬಿಣ ಬಿರಿಯುವ ಸದ್ದು ಮಾತ್ರ. ಇಬ್ಬರೂ ಇಳಿದು ತಳ್ಳಿದರು. ಪಾಪಕ್ಕ ಕುಂಕುಮ ಇಟ್ಟಳು, ಗೌರೀಶನ ಹಣೆಗೂ ಇಟ್ಟಳು. ಚಪ್ಪರದ ಕೆಳಗೆ ಊಟ ಬಿಚ್ಚಿದರು. ಅನ್ನ, ಕೋಳಿ ಸಾರು, ಈರುಳ್ಳಿ. ರಂಗೇಶ ಚೆನ್ನಾಗಿ ತಿಂದ. ಕಾರಣಗಳನ್ನೆಲ್ಲ ಒಂದೊಂದಾಗಿ ಹೇಳಿದ, ಬಿಸಿಲು, ಹಳೆ ಪೈಪು, ತಡವಾಗಿ ಬರುವ ಬಲ. ಗೌರೀಶ ಎಲ್ಲಕ್ಕೂ ಹೂಂ ಎಂದು, “ಎಲ್ಲ ಸರಿ ಬಾವ. ಆದ್ರೆ ನಂಗೆ ಕೆಂಪೇ ಬೇಕು,” ಎಂದ. ಒಂದು ವರ್ಷದಲ್ಲಿ ಅವನು ತನಗೆ ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. “ಆಗ್ಲಿ ಬುಡು,” ಎಂದ ರಂಗೇಶ. ಧಾರಾಳವಾಗಿ ಹೇಳಿದ. ಹಾಗೆ ಹೇಳುವಾಗ ಅವನ ಕಣ್ಣು ಕಾರಿನ ಮೇಲಿತ್ತು.

ಕೈ ತೊಳೆದು ಬಂದ ಸಂಜೀವಯ್ಯ ಕೆಂಪು ಕಾರನ್ನು ಶುರು ಮಾಡಿದ. ಹಿಂದಿನ ಕೊಳವೆಯಿಂದ ಮೊದಲು ಏನೂ ಬರಲಿಲ್ಲ. ಕಾಲು ಒತ್ತಿದಾಗ ಬಂತು, ನೀಲಿ ಹೊಗೆ, ದಟ್ಟವಾಗಿ, ಸುಟ್ಟ ಎಣ್ಣೆಯ ವಾಸನೆಯ ಜೊತೆಗೆ. ಒಳಗೆಲ್ಲೋ ತಗಡನ್ನು ಉಗುರಿನಲ್ಲಿ ಗೀರಿದಂಥ ಸಣ್ಣ ಕೀರಲು. ಸಂಜೀವಯ್ಯ ಆಫ್ ಮಾಡಿ ಇಳಿದು, ಮೊದಲು ಬಾನೆಟ್ಟು ಎತ್ತಿ ಟರ್ಬೊ ಮುಟ್ಟಿ ನೋಡಿದ, ಆಮೇಲೆ ಗೌರೀಶನ ಕಡೆ ತಿರುಗಿದ.

“ಬಿಸಿ ಬಿಸಿ ಆಫ್ ಮಾಡ್ದೋನು ಯಾರು? ನೀನೇನಾ? ಮೂವತ್ತು ವರ್ಷ ಬದ್ಕಿದ್ದ ಗಾಡಿ ಕಣಯ್ಯಾ! ಒಂದ್ ಕೈನೋನಿಗೆ ಬೀಗದಕೈ ಕೊಟ್ಟೆ ನೋಡು, ನಂಗ್ ಬುದ್ಧಿ ಇಲ್ಲ.”

ಗೌರೀಶನ ಎಡಗೈ ಮತ್ತೆ ಜೇಬಿಗೆ ಹೋಯಿತು. ಈಗ ಹೇಳಬೇಕಾದವನು ತಾನು ಎಂದು ರಂಗೇಶನಿಗೆ ಗೊತ್ತಿತ್ತು. ಎರಡೇ ಶಬ್ದ, ನಾನೇ ಹೇಳಿದ್ದು. ಅವು ನಾಲಿಗೆಯವರೆಗೆ ಬಂದು ಊಟದ ರುಚಿಯ ಜೊತೆ ಅಲ್ಲೇ ಕೂತವು. ಕಲ್ಲಿನ ಕಡೆಯಿಂದ ಪಾಪಕ್ಕ ಎದ್ದು ಬಂದಳು. “ಯಾಕೆ, ಯಾಕ್ಲಾ ಆ ವುಡ್ಗನ್ನ ಬೈತೀಯ? ಅವ್ನು ತಡಿ ಅಂದ. ಈವಯ್ಯನೇ ಅಮ್ಮ ಅಮ್ಮ ಅಂತ ಬಡ್ಕೊಂಡಿದ್ದು. ಅಮ್ಮ ಏನ್ ಓಡೋಗ್ತಿದ್ಲಾ? ನಾನೇನ್ ಬಿಸ್ಲಿಗೆ ಕರ್ಗೋಗ್ತಿದ್ನಾ?” ಎಂದಳು. ಸಂಜೀವಯ್ಯ ರಂಗೇಶನನ್ನು ನೋಡಿದ. ಬೈಯಲಿಲ್ಲ. “ಓಹೋ,” ಎಂದ, ಅಷ್ಟೇ. ಚಪ್ಪರದ ಹಿಂದಿನ ಕೋಣೆಗೆ ಹೋಗಿ ಚಾಪೆ ಹಾಸಿಕೊಂಡ.

ಪಾಪಕ್ಕ ಕಲ್ಲಿನ ಬಳಿಗೆ ಮರಳಿದಳು, ಇಬ್ಬರೇ ಉಳಿದರು. ತಗಡಿನ ಚಪ್ಪರ ಬಿಸಿಲಿಗೆ ಚಟಚಟ ಎನ್ನುತ್ತಿತ್ತು.

“ಕದರಪ್ಪ ಇಂಗೆ ಮಾಡಿದ್ರೆ ಏನ್ ಮಾಡ್ತಿದ್ದೆ ಬಾವ?” ಎಂದು ಕೇಳಿದ ಗೌರೀಶ.

“ಈಗ ಯಾಕ್ಲಾ ಅದು?”

“ಹೇಳು.”

“ಬೈತಿದ್ದೆ.”

“ಬೈದಿದ್ದೆ. ನಾನಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಪ್ರತಿ ಮಾತೂ ಕೇಳಿಸ್ತು.” ಗೌರೀಶನ ದನಿ ಏರಲಿಲ್ಲ. ಕಲಿಯುವವನಿಗೆ ಹೇಳಿಕೊಡುವ ಅದೇ ದನಿ. “ಗೊತ್ತಿಲ್ದೆ ಮಾಡ್ಲಿಲ್ಲ ನೀನು.”

“ಏಯ್, ನೆಟ್ಟಗ್ ಮಾತಾಡು! ನಾನೇನ್ ಕೀ ಮುಟ್ಟಿದ್ನಾ? ತಿರುಗ್ಸಿದ್ದು ನೀನು! ನಿಂಗ್ ಬುದ್ಧಿ ಇರ್ಲಿಲ್ವಾ?” ರಂಗೇಶ ಕೂಗಿದ. ಕೂಗುತ್ತ ಮುಂದೆ ಹೋಗಿ ಗೌರೀಶನ ಅಂಗಿಯ ಕೊರಳು ಹಿಡಿದ. ಹಿಡಿದ ಮೇಲೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಗೌರೀಶ ಬಿಡಿಸಿಕೊಳ್ಳಲಿಲ್ಲ, ಕೈಯನ್ನು ಜೇಬಿನಿಂದ ತೆಗೆಯಲೂ ಇಲ್ಲ. ಹೊಡೆಯಲಿ ಎಂದು ಕಾಯುವವನ ಹಾಗೂ ಇರಲಿಲ್ಲ. ಬಸ್ಸು ಬರುತ್ತದೆಯೇ ಎಂದು ರಸ್ತೆ ನೋಡುವವನ ಹಾಗೆ ರಂಗೇಶನ ಹೆಗಲ ಮೇಲಿನಿಂದ ಆಚೆ ನೋಡುತ್ತ ನಿಂತಿದ್ದ. ರಂಗೇಶನ ಬೆರಳುಗಳು ಒಂದೊಂದಾಗಿ ಸಡಿಲವಾದವು.

“ಮುಗೀತಾ?” ಎಂದು ಗೌರೀಶ ಬೂದು ಕಾರಿನ ಬೀಗದಕೈ ತೆಗೆದುಕೊಂಡ. “ತಳ್ಳು ಬಾ.”

ತಳ್ಳಿದರು. ಪಾಪಕ್ಕ ಈ ಸಲ ಏಳಲಿಲ್ಲ. ಕಲ್ಲಿನ ಆಚೆ ಗೌರೀಶ ಬಲಗಡೆ ಹತ್ತಿ ಸ್ಟೇರಿಂಗಿನ ಮುಂದೆ ಕೂತ. ಬಾಗಿಲಿನ ಪಕ್ಕದಲ್ಲಿ ನಿಂತೇ ಇದ್ದ ರಂಗೇಶನಿಗೆ, “ಆ ಕಡೆ ಹತ್ತು,” ಎಂದ. “ಕ್ಲಚ್ಚು ನನ್ ಕಾಲು ಒತ್ತುತ್ತೆ. ಗೇರು ನೀನ್ ಹಾಕು. ನಾನ್ ಹೇಳ್ದಾಗ ಹಾಕು. ಹೇಳ್ದೆ ಇದ್ರೆ ಮುಟ್ಬೇಡ.”

“ತಲೆ ಕೆಟ್ಟಿದೆಯೇನ್ಲಾ? ಹಿಂಗೆ ಯಾರಾದ್ರೂ—”

“ಹತ್ತು ಬಾವ.”

ಮೊದಲ ಸುತ್ತು ಅಸಹ್ಯವಾಗಿತ್ತು. ರಂಗೇಶನ ಬಲಗೈಗೆ ಗೇರು ಹಾಕಿ ಅಭ್ಯಾಸವಿಲ್ಲ. ಗೌರೀಶ “ಎರಡು” ಎನ್ನುವ ಮೊದಲೇ ಎಳೆದ. ಗೇರು ಹಲ್ಲು ಕಡಿಯಿತು. “ಹೇಳೋವರ್ಗೂ ತಡಿ ಅಂದ್ನಲ್ಲ.” ಆಮೇಲೆ ತಡವಾಗಿ ಹಾಕಿದ, ಕಾರು ಮುಗ್ಗರಿಸಿತು. “ನಿದ್ದೆ ಮಾಡ್ತಿದ್ದೀಯ?” ರಂಗೇಶನಿಗೆ ಇಳಿದುಹೋಗಬೇಕೆನ್ನಿಸಿತು, ಈ ಮುಖದ ಮೇಲೆ ಉಗಿಯಬೇಕೆನ್ನಿಸಿತು. ತನ್ನ ಡ್ರೈವರುಗಳಿಗೆ ತಾನು ಹೇಳುವ ಮಾತುಗಳೇ ಇವು, ಆದರೆ ಇಷ್ಟು ತಣ್ಣಗೆ ಅವನು ಯಾರಿಗೂ ಹೇಳಿದವನಲ್ಲ. ಎರಡನೇ ಸುತ್ತಿನಲ್ಲಿ ಒಂದು ಗೇರು ಸರಿಯಾಗಿ ಬಿತ್ತು. ಬೆಣ್ಣೆಯೊಳಗೆ ಬಿದ್ದಂತೆ ಬಿತ್ತು. ಅದರ ಸುಖ ಅಂಗೈಯಿಂದ ಮೊಣಕೈಯವರೆಗೆ ಹರಿಯಿತು. ಹಾಗೆ ಹರಿದದ್ದಕ್ಕೆ ಅವನಿಗೆ ತನ್ನ ಕೈಯ ಮೇಲೇ ದ್ವೇಷ ಬಂತು. “ಮೂರು.” ಹಾಕಿದ. “ಎರಡು.” ಹಾಕಿದ. ಹುಣಸೆಮರ ಬಂದು ಹೋಯಿತು, ಅವನು ಅದನ್ನು ನೋಡಲಿಲ್ಲ. ನೋಡಲು ಪುರಸೊತ್ತಿರಲಿಲ್ಲ, ಅವನ ಕಿವಿ ಪೂರ್ತಿ ಗೌರೀಶನ ಬಾಯಿಯ ಮೇಲಿತ್ತು. ನಾಲ್ಕನೆಯದೋ ಐದನೆಯದೋ ಸುತ್ತಿಗೆ, ಗೌರೀಶ ಶಬ್ದ ಮುಗಿಸುವ ಹೊತ್ತಿಗೆ ಗೇರು ಬಿದ್ದಿರುತ್ತಿತ್ತು.

ಸಂಜೀವಯ್ಯ ಚಪ್ಪರದ ಹೊರಗೆ ಬಂದು ನಿಂತಿದ್ದ. ಅವರು ಹತ್ತಿರ ಬಂದಾಗ ಎರಡೂ ಕೈ ಎತ್ತಿ, “ಯಾವ್ದಯ್ಯಾ ಕೊನೆಗೆ?” ಎಂದು ಕೂಗಿದ.

“ಇದೇ ತಗೊಳಾಣ,” ಎಂದ ಗೌರೀಶ. ಸಂಜೀವಯ್ಯನಿಗಲ್ಲ, ರಂಗೇಶನಿಗೆ. ನಿಲ್ಲಿಸಲಿಲ್ಲ. “ನಿಂಗೆ ಬೇಕಾಗಿದ್ದೂ ಇದೇ ಅಲ್ವಾ. ಪ್ರತಿ ಭಾನ್ವಾರ ಬರಾಣ. ಒಂದ್ ಭಾನ್ವಾರನೂ ತಪ್ಪಿಸ್ಬಾರ್ದು ನೀನು. ಅಕ್ಕಂಗೆ ನಾನೇ ಹೇಳ್ತೀನಿ, ಬಾವನೇ ಗೇರ್ ಹಾಕೋದು ಅಂತ. ಖುಷಿಯಾಗ್ತಾಳೆ.”

ಖುಷಿಯಾಗುತ್ತಾಳೆ. ಅದು ನಿಜವೆಂದು ರಂಗೇಶನಿಗೆ ಗೊತ್ತಿತ್ತು. ಬೆಳಿಗ್ಗೆ ಬೇಗ ಏಳಿಸುತ್ತಾಳೆ, ಬುತ್ತಿ ಕಟ್ಟುತ್ತಾಳೆ, ಬಾಗಿಲವರೆಗೂ ಬಂದು ನಿಲ್ಲುತ್ತಾಳೆ, ಬಹುಶಃ ನಗುತ್ತಾಳೆ ಕೂಡ. ನನ್ನಿಂದಾಗುವುದಿಲ್ಲ ಎನ್ನಲು ಅವನು ಬಾಯಿ ತೆರೆದ. ಕಾರು ಉದ್ದದ ನೇರ ರಸ್ತೆಗೆ ಬಂದಿತ್ತು. ಮೂರನೇ ಗೇರು. ಎಂಜಿನ್ನು ಮೇಲೇರಿತು, ಇನ್ನೂ ಮೇಲೇರಿತು, ಕಿರುಚತೊಡಗಿತು. ಮುಳ್ಳು ಕೆಂಪು ಗೆರೆ ಮುಟ್ಟಿತು. ನಾಲ್ಕು ಎನ್ನಬೇಕು ಈಗ. ಗೌರೀಶ ಎನ್ನಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಅಂಗೈಯ ಕೆಳಗೆ ಗೇರಿನ ಗುಂಡು ಜೀವವಿದ್ದಂತೆ ಅದುರುತ್ತಿತ್ತು. ಕೈ ಬೆವೆತಿತ್ತು. ತಾನೇ ಹಾಕಿಬಿಡಬಹುದಾಗಿತ್ತು. ಹಾಕಲಿಲ್ಲ.

“ಹಾಕ್ಲಾ?” ಎಂದು ಕೇಳಿದ ರಂಗೇಶ. ಆ ದನಿ ಯಾರದೆಂದು ಅವನಿಗೇ ಗುರುತು ಸಿಗಲಿಲ್ಲ.

ಗೌರೀಶ ಉತ್ತರ ಕೊಡಲಿಲ್ಲ. ರಂಗೇಶ ಗೇರಿನ ಮೇಲೆ ಕೈಯಿಟ್ಟುಕೊಂಡು ಕಾದ.